ಎರಡೂ ಅಂಗಾಲು

ಬಿದ್ದದ್ದು ಓಟದಲ್ಲಲ್ಲ.
ಲಿಂಡಿಸ್ ಕಣಿವೆಯ ಅಡ್ಡಗಾಳಿಗಲ್ಲ,
ತಿರುವು ಮುಗಿಯುವಲ್ಲಿ ರಸ್ತೆ ತುಂಬ ಕುರಿ ನಿಂತಿದ್ದ
ಆ ಮುಂಜಾನೆಯೂ ಅಲ್ಲ.
ಒಮಾರಾಮಾದ ಪೆಟ್ರೋಲ್ ಬಂಕಿನಲ್ಲಿ,
ಎಂಜಿನ್ ಆರಿಸಿ, ಕೈಗವಸು ಕಳಚುತ್ತಿರುವಾಗ
ಎಡಗಾಲು ನೆಲ ಹುಡುಕಿತು.
ನೆಲ ಒಂದಂಗುಲ ಕೆಳಗಿತ್ತು.

ಇನ್ನೂರ ಅರವತ್ತೆಂಟು ಕಿಲೋ.
ಮೇಲೆ ಗುಡಾರ, ಒಲೆ, ಚಹದ ಡಬ್ಬಿ.
ಕರು ಹಾಕುವ ಹಸು ಮಲಗುವಂತೆ
ಅವಸರವೇ ಇಲ್ಲದೆ ಒರಗಿತು;
ಬೇಡ, ಬೇಡ ಎನ್ನುತ್ತಲೇ ನಾನೂ ಜೊತೆಗೆ ಹೋದೆ.

ಪೈ ತಿನ್ನುತ್ತಿದ್ದ ಹುಡುಗನೊಬ್ಬ
ಅದನ್ನು ಹಲ್ಲಲ್ಲೇ ಕಚ್ಚಿಕೊಂಡು ಓಡಿಬಂದು
ಒಂದೇ ದಮ್ಮಿಗೆ ಗಾಡಿ ಎತ್ತಿ ನಿಲ್ಲಿಸಿದ.
"ಅಜ್ಜಿ, ಪೆಟ್ಟಾಯಿತೆ?" ಅಂದ.
ಆದದ್ದು ಆ ಮೊದಲ ಮಾತಿನಿಂದ.

ಅಲೆಕ್ಸಾಂಡ್ರಾದ ನರ್ಸು ನನ್ನನ್ನು ಗೋಡೆಗೆ ನಿಲ್ಲಿಸಿ
ತಲೆಯ ಮೇಲೆ ಪಟ್ಟಿ ಇಳಿಸಿ ಹೇಳಿದಳು:
ಹೋದ ಸಲಕ್ಕಿಂತ ಮೂರು ಸೆಂಟಿಮೀಟರು ಕಡಿಮೆ.
ಎಲ್ಲಿ ಉದುರಿದವೋ!
ಮೂವತ್ತೊಂದು ವರ್ಷ ಮಾನಿಯೊಟೊಟೊ ಬಯಲಲ್ಲಿ
ಮನೆಮನೆಗೆ ಟಪಾಲು ಹಾಕಿದವಳು,
ಒಂದು ಕಾಗದ ಕಳೆದವಳಲ್ಲ.
ನನ್ನದೇ ಮೂರು ಸೆಂಟಿಮೀಟರು
ಯಾವ ವಿಳಾಸಕ್ಕೆ ಹಾಕಿಬಂದೆನೋ.

ಒಂದು ವರ್ಷ ಒಪ್ಪಲಿಲ್ಲ.
ಬ್ರೆಡ್ ಕುಯ್ಯುವ ಚಾಕುವಿನಲ್ಲಿ ಸೀಟಿನ ಸ್ಪಂಜು ಕೆತ್ತಿದೆ.
ಬೂಟಿಗೆ ದಪ್ಪ ಅಟ್ಟೆ ಹೊಡೆಸಿದೆ.
ಎಡಕ್ಕೆ ಏರಿದ ಅಂಚು ಎಲ್ಲಿದೆಯೆಂದು
ದೂರದಿಂದಲೇ ಕಣ್ಣಲ್ಲಿ ಅಳೆದೆ;
ಸಿಗದಿದ್ದರೆ ನಿಲ್ಲಿಸಲೇ ಇಲ್ಲ.
ಟೆಕಪೊ ಸರೋವರದ ದಂಡೆಗೆ ಲೂಪಿನ್ ಹೂ ನೇರಳೆ ಚೆಲ್ಲಿತ್ತು.
ಜಲ್ಲಿ ಸಡಿಲವಿತ್ತು. ಮುಂದೆ ಹೋದೆ.
ಎಂಥ ಹುಮ್ಮಸ್ಸು ಈ ಮುದುಕಿಗೆ, ದಣಿವೇ ಇಲ್ಲ,
ಅಂದರು ಜನ.
ಉಚ್ಚೆ ಕಟ್ಟಿಕೊಂಡು ನೂರು ಕಿಲೋಮೀಟರು ಓಡಿಸಿದ್ದು
ಅವರಿಗೇನು ಗೊತ್ತು.

ಕೊನೆಗೆ ಅದನ್ನು ಕೊಂಡವಳು
ಗೋರ್ ಊರಿನ, ಕುರಿಯ ಉಣ್ಣೆ ಕತ್ತರಿಸುವ ಹುಡುಗಿ,
ನೀಳಕಾಲಿನವಳು.
ಗೇಟಿನ ಬಳಿ ನಿಂತು ಕೈ ಬೀಸಿದಳು.
ನಿಂತಾಗಲೂ ಅವಳ ಮೊಣಕಾಲು ಮಡಚಿಯೇ ಇತ್ತು.
ನಾನು ಬೇರೇನನ್ನೂ ನೋಡಲಿಲ್ಲ.

ಹೊಸದು ನೂರ ಅರವತ್ತೆರಡು.
ತಿಮಾರುವಿನ ಅಂಗಡಿಯವನು
ಬಣ್ಣ, ಬ್ರೇಕು, ಮೈಲೇಜು ಎಂದು ಶುರುಮಾಡಿದ್ದ.
ನಾನು ಕೂತೆ.
ಎರಡೂ ಅಂಗಾಲು, ಹಿಮ್ಮಡಿ ಸಮೇತ,
ಸಿಮೆಂಟಿನ ಮೇಲೆ ಊರಿದವು.
ಮಾತು ಸಾಕು ಮಾರಾಯ, ಎಲ್ಲಿ ಸಹಿ, ಅಂದೆ.

"ಹೊಲಿಗೆ ಮೆಷಿನ್ನು ತಂದಳು ನೊಲೀನ್" ಎಂದು ನಕ್ಕ ರೆವಿ.
ನಗಲಿ. ಸುಳ್ಳೇನಲ್ಲ.
ಏರಿನಲ್ಲಿ ಕ್ಯಾರವಾನುಗಳು ನನ್ನ ಹಿಂದೆ ಗೊಣಗುತ್ತವೆ.
ಎದುರುಗಾಳಿ ಬಂದರೆ ಒಂದು ಗೇರು ಇಳಿಸಿ ತಲೆ ತಗ್ಗಿಸುತ್ತೇನೆ.
ಜೊತೆಯವರ ಕಣ್ಣಲ್ಲಿ ಹಗುರಾಗುತ್ತೇನೆಂದು ಹೆದರಿದ್ದೆ;
ಆದೆ. ಲೆಕ್ಕ ಹಾಕಿದರೆ
ನೂರಾ ಆರು ಕಿಲೋ.
ಮೊನ್ನೆ, ಉಳಿದವರು ಚಹಕ್ಕೆ ಹೋದಾಗ,
ಸೀಟು ಎಷ್ಟೆತ್ತರ ಎಂದು ರೆವಿ
ಮೆಲ್ಲಗೆ ಕೇಳಿದ.

ನಿನ್ನೆ ನೇಸ್ಬಿಯಾಚೆ, ನನ್ನ ಹಳೆಯ ಟಪಾಲು ದಾರಿಯಲ್ಲಿ,
ಬೇಲಿಗಂಬದ ಮೇಲೆ ಕಾಗದದ ಡಬ್ಬಿಯಾಗಿ ಕೂತಿರುವ
ಅದೇ ಹಳೆಯ ಮೈಕ್ರೋವೇವ್ ಓವನ್ನು.
ಬಾಗಿಲು ಗಾಳಿಗೆ ಬಡಿಯುತ್ತಿತ್ತು.
ಐವತ್ತು ಮಾರು ದಾಟಿಹೋಗಿದ್ದೆ.
ಮೊದಲಾಗಿದ್ದರೆ ದಾಟಿದ್ದು ದಾಟಿದ್ದೇ.
ನಿಲ್ಲಿಸಿದೆ. ಬಾತುಕೋಳಿಯ ಹಾಗೆ
ಎಡ, ಬಲ, ಎಡ, ಬಲ ಹೆಜ್ಜೆಯೂರಿ
ಆ ಇಕ್ಕಟ್ಟು ಮಣ್ಣುದಾರಿಯಲ್ಲೇ ಗಾಡಿ ತಿರುಗಿಸಿದೆ.
ಒಳಗೆ ಒಂದು ಕರೆಂಟ್ ಬಿಲ್ಲು,
ಬೀಜದ ಕಂಪನಿಯ ಬಣ್ಣದ ಪುಸ್ತಕ.
ಬಾಗಿಲು ಒತ್ತಿ ಮುಚ್ಚಿದೆ.
ಟಕ್ ಅಂದಿತು.