ಹಳಿಗುಂಟ

ಸ್ಲೀಪರಿನಿಂದ ಸ್ಲೀಪರಿಗೆ ನಮ್ಮ ಕಾಲಿಗೆ
ಒಂದು ಹೆಜ್ಜೆಗೆ ಜಾಸ್ತಿ, ಎರಡಕ್ಕೆ ಕಮ್ಮಿ.
ಹಾಗಾಗಿ ಗುತ್ಯ ಕುಪ್ಪಳಿಸುತ್ತಿದ್ದ, ನಾನು ಎಣಿಸುತ್ತಿದ್ದೆ.
ಅರಸಾಳು ಸ್ಟೇಷನ್ನಿನಿಂದ ನಮ್ಮ ಗ್ಯಾಂಗಿನ ಮನೆಗೆ
ಮೂರು ಸಾವಿರದ ಎಂಟುನೂರು ಚಿಲ್ಲರೆ.

ರೇಷನ್ ಅಂಗಡಿಯ ಸಾಲು ಕರಗುವಾಗಲೇ ಕತ್ತಲು.
ಐದು ಲೀಟರಿನ ಕ್ಯಾನು, ಮುಚ್ಚಳ ಕಳೆದು ವರ್ಷವಾಗಿ
ಬಾಯಿಗೆ ಅವ್ವನ ಹಳೆ ಸೀರೆಯ ಚೂರು.
ಆ ಕಡೆ ಅವನು, ಈ ಕಡೆ ನಾನು, ನಡುವೆ ಗುಳುಕ್ ಗುಳುಕ್.
ಕೊನೆಯ ಗಾಡಿ ಹೋಗಿಯಾಗಿತ್ತು.
ಹಳಿ ಇನ್ನೂ ಬೆಚ್ಚಗಿದೆಯಾ ಅಂತ ಗುತ್ಯ ಬಗ್ಗಿ ಮುಟ್ಟಿದ.

ಆಗ ಜಲ್ಲಿ ಸದ್ದಾಯಿತು. ನಮ್ಮದಲ್ಲ.

ಅಪ್ಪ ಕೀಮ್ಯಾನು. ಹೆಗಲ ಮೇಲೆ ಸುತ್ತಿಗೆ,
ಸಡಿಲಾದ ಕೀಲಿಗೆ ಒಂದೇಟು ಹಾಕುತ್ತಾ
ದಿನಾ ಆರು ಮೈಲಿ ನಡೆಯುವವ.
ಆ ಮಾಗಿಯ ಒಂದು ರಾತ್ರಿ, ಸರ್ಕಾರದ್ದೇ ಟ್ರಾಲಿಯ ಮೇಲೆ
ಬೀಟೆ ದಿಮ್ಮಿ ಹೋದದ್ದು ನೋಡಿದ.
ನೋಡಿದವರು ಇನ್ನೂ ನಾಲ್ವರಿದ್ದರು.
ಎಣಿಸಿದವ ಇವನೊಬ್ಬ.
ಸೋಮವಾರ ಶಿವಮೊಗ್ಗದ ಕೋರ್ಟಿನಲ್ಲಿ ಸಾಕ್ಷಿ.
ಅಂದು ಶುಕ್ರವಾರ.

ನಿಂತೆವು. ನಿಂತಿತು.
ನಡೆದೆವು. ಎರಡು ಹೆಜ್ಜೆ ತಡೆದು ಅದೂ ನಡೆಯಿತು.
ನರಿ ಇರಬೇಕು, ಅಂದೆ.
ನರಿ ಚಪ್ಪಲಿ ಹಾಕ್ತದಾ, ಅಂದ ಗುತ್ಯ.
ಅವನಿಗೆ ಏಳು.

ಕ್ಯಾನೇ ನಮ್ಮ ಗುಟ್ಟು ಬಿಟ್ಟುಕೊಡುತ್ತಿದೆ ಅಂತ ಹೊಳೆದದ್ದೇ
ಮಲಗಿದ ಕೂಸನ್ನು ಇಡುವ ಹಾಗೆ ಹಳಿಗಳ ನಡುವೆ ಇಟ್ಟು
ಏರಿ ಜಾರಿ, ಹದಿನಾರನೇ ನಂಬರಿನ ಮೋರಿಯೊಳಗೆ ತೂರಿದೆವು.
ಮೊಣಕಾಲುದ್ದ ನೀರು. ಬಾವಲಿಯ ನಾತ.
ಗುತ್ಯನ ಬಾಯಿಗೆ ಕೈ ಒತ್ತಿ ಹಿಡಿದೆ. ಅವನು ಕಚ್ಚಿದ,
ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ.

ನೆತ್ತಿಯ ಮೇಲೆ ಹೆಜ್ಜೆ ಬಂತು.
ಕಡ್ಡಿ ಗೀರಿದ ಸದ್ದು. ಹತ್ತಲಿಲ್ಲ. ಇನ್ನೊಂದು.
ಮೂರನೆಯದಕ್ಕೆ ಮೋರಿಯಾಚೆಯ ನೀರಲ್ಲಿ
ಒಂದು ಹಳದಿ ಎಳೆ ನಡುಗಿ ಆರಿತು.
ಬೀಡಿ ಮುಗಿಯುವಷ್ಟು ಹೊತ್ತು ಆ ಮನುಷ್ಯ ಅಲ್ಲೇ ಕೂತ.
ಆಮೇಲೆ ಕೆಮ್ಮಿ, ಪಕ್ಕದಲ್ಲಿದ್ದವರಿಗೆ ಹೇಳುವಂತೆ,
“ಕೆರಿಯಪ್ಪಂಗೆ ಇಬ್ಬರೇ ಅಲ್ಲನಾ” ಅಂದ.

ಪರಿಚಯದ ದನಿ. ಎಲ್ಲಿಯದು ಅಂತ ಇವತ್ತಿಗೂ ಹತ್ತಿಲ್ಲ.
ಸಂತೆಯಲ್ಲಿ ಕೇಳಿದ್ದಿರಬಹುದು.
ನಮ್ಮ ಜಗುಲಿಯಲ್ಲಿ ಕೂತು ಉಂಡದ್ದೂ ಇರಬಹುದು.

ಎಣ್ಣೆ ಬಂದಿರಲಿಲ್ಲ, ಕ್ಯಾನು ಅಂಗಡೀಲೇ ಬಿಟ್ಟೆವು,
ಅವ್ವನಿಗೆ ಹೇಳಿದ್ದು ಗುತ್ಯ.
ಅಷ್ಟು ನೆಟ್ಟಗಿನ ಸುಳ್ಳು ಅವನು ಮತ್ತೆಂದೂ ಹೇಳಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ತಾಗಿ ಕ್ಯಾನು.
ಒಂದು ಹನಿ ಚೆಲ್ಲಿರಲಿಲ್ಲ.
ಬಾಯಿಗೆ ಸೀರೆಯ ಚೂರಿನ ಬದಲು
ಅಳತೆಗೆ ಸರಿಯಾಗಿ ಕೆತ್ತಿದ ಬೀಟೆಯ ಬಿರಡೆ.

ಅಂಗಡಿಯವನ ಹೊಟ್ಟೆ ತಣ್ಣಗಿರಲಿ ಅಂದಳು ಅವ್ವ.
ಅಪ್ಪ ಬಿರಡೆ ಕಿತ್ತು ಮೂಸಿದ.
ನಮ್ಮ ಮುಖ ನೋಡಿದ.
ನನ್ನ ಕೈಗೆ ಸುತ್ತಿದ ಬಟ್ಟೆ ನೋಡಿದ.
ಕೇಳಲಿಲ್ಲ.
ಹೇಳಿದ್ದರೆ ಏನು ಮಾಡುತ್ತಿದ್ದನೋ ಎಂಬ ಭಯ
ಮೋರಿಯೊಳಗಿನದಕ್ಕಿಂತ ದೊಡ್ಡದಿತ್ತು.
ನಾವೂ ಹೇಳಲಿಲ್ಲ.

ಸೋಮವಾರ ನೀಲಿ ಅಂಗಿ ಹಾಕಿ ಮೊದಲ ಗಾಡಿ ಹತ್ತಿದ.
ಹನ್ನೊಂದು ಅಂದನಂತೆ.
ವಕೀಲರು ತಿರುಗಿಸಿ ತಿರುಗಿಸಿ ಮೂರು ಸಲ ಕೇಳಿದರಂತೆ.
ಮೂರು ಸಲವೂ ಹನ್ನೊಂದು.
ಇತ್ತ ನಾವು ಆ ವಾರವಿಡೀ ಅದೇ ಎಣ್ಣೆಯ ಬುಡ್ಡಿಯಲ್ಲಿ
ಉಂಡೆವು, ಮಗ್ಗಿ ಬರೆದೆವು,
ಹೊರಗೆ ಎಲೆ ಉದುರಿದರೆ ಬುಡ್ಡಿ ಆರಿಸಿದೆವು.

ಈಗ ಹಳಿ ಅಗಲವಾಗಿದೆ. ಸ್ಲೀಪರು ಕಾಂಕ್ರೀಟಿನವು.
ಗುತ್ಯ ನೆನಪೇ ಇಲ್ಲ ಅನ್ನುತ್ತಾನೆ.
ಇರಲಿ.
ನನ್ನ ಅಂಗೈ ಅಂಚಿನಲ್ಲಿ ಅವನ ಹಲ್ಲಿನ ಸಾಲಿದೆ,
ನಡುವೆ ಒಂದು ಜಾಗ ಖಾಲಿ,
ಅದರ ಹಿಂದಿನ ದಿನವಷ್ಟೇ
ಸೂರಿನ ಮೇಲೆಸೆದ ಹಾಲುಹಲ್ಲಿನದು.