ಎರಡು ಬೈತಲಿ

ಅಪ್ಪನ ಅಡತಿ ಅಂಗಡಿಯಿಂದ ಮನೆಗೆ ಬಂದದ್ದು ಇಷ್ಟೇ:
ಒಂದು ತಕ್ಕಡಿ, ಮೂರು ಖಾತೆ ಪುಸ್ತಕ,
ಹತ್ತಿಯ ಎಳೆ ನೋಡುತ್ತಿದ್ದ ಹಿತ್ತಾಳೆ ಹಿಡಿಕೆಯ ಭೂತಗನ್ನಡಿ.
ಅದನ್ನೀಗ ಫೋಟೋದ ಮೇಲೆ ಆಡಿಸುತ್ತಿದ್ದೇನೆ.
ಗದುಗಿನ ಸ್ಟೇಶನ್ ರೋಡು, ಖಟವಟೆ ಮಾಸ್ತರರ ಸ್ಟುಡಿಯೋ,
ಹಿಂಬದಿಗೆ ಸೀಸದಕಡ್ಡಿಯಲ್ಲಿ: ಪಾಡ್ಯದ ಮರುದಿನ, ೧೯೫೭.

ಮೊದಲು ಸಿಗುವವನು ದಾನಪ್ಪ ಕಾಕಾ.
ಹದಿನೇಳು. ಮುಂದಲೆ ಎಣ್ಣೆ ಕುಡಿದು ಎದ್ದು ನಿಂತಿದೆ,
ಗುಬ್ಬಿ ಬಂದು ಕೂತರೂ ಕದಲದ ಗೂಡು.
ಅದಕ್ಕಾಗಿ ಹಿಂದಿನ ರಾತ್ರಿ
ಹಳೆಯ ಕುಬಸದ ತೋಳು ತಲೆಗೆ ಬಿಗಿದುಕೊಂಡು
ಮಗ್ಗಲು ಬದಲಿಸದೆ ಮಲಗಿದ್ದನಂತೆ, ಹೆಣದ ಹಾಂಗ.
ಪ್ಯಾಂಟು ನಳಿಗೆಯಷ್ಟು ಬಿಗಿ.
ಟೇಲರ್ ರಾಜೇಸಾಬ ಅಳತೆ ತೆಗೆಯುತ್ತ ಬೈದದ್ದು:
"ತಮ್ಮಾ, ಕಾಲು ಇಲ್ಲೇ ಬಿಟ್ಟು ಹೋಗು,
ಅವುಗಳ ಮ್ಯಾಲೇ ಹೊಲದುಬಿಡ್ತೀನಿ."

ಕೋಟು ಮಾತ್ರ ಅವನದಲ್ಲ.
ಅದು ಸ್ಟುಡಿಯೋದ್ದು, ಬಾಗಿಲ ಹಿಂದಿನ ಗೂಟದ್ದು.
ಬೆಟಗೇರಿಯಲ್ಲೊಂದು ನೇಕಾರರ ಮನೆಯ ಗೋಡೆಯಲ್ಲಿ
ಅದೇ ಕೋಟು ನೋಡಿದ್ದೇನೆ,
ಮುಳಗುಂದ ನಾಕಾದ ಚಹಾದಂಗಡಿಯಲ್ಲೂ,
ಎರಡನೆಯ ಗುಂಡಿ ಇಲ್ಲದ್ದು.
ಊರಿನ ಅರ್ಧ ಹುಡುಗರು
ಆ ಒಂದು ಕೋಟಿನೊಳಗೇ ಹದಿನೇಳು ದಾಟಿದರು.

ಪಕ್ಕದಲ್ಲಿ ಕಸ್ತೂರಿ ಅತ್ತಿ.
ದಡಿಯ ಪರಕಾರ, ಬುಗ್ಗಿ ತೋಳಿನ ಪೋಲಕಾ,
ಕೈ ಕೆಳಗೆ ತಂತಿ ಇಲ್ಲದ ಟೆಲಿಫೋನು.
ಎರಡು ಹೆರಳು: ಒಂದು ಬೆನ್ನಿಗೆ, ಒಂದು ಮುಂದಕ್ಕೆ,
ಉದ್ದ ಎಷ್ಟೆಂದು ನೋಡುವವರಿಗೆ ತಿಳಿಯಲೆಂದು.
ರಿಬ್ಬನ್ ಯಾವ ಬಣ್ಣ?
ಕೇಳಿದಾಗೊಮ್ಮೆ ಬೇರೆ ಹೇಳುತ್ತಾಳೆ,
ಒಮ್ಮೆ ಗಿಣಿಹಸಿರು, ಒಮ್ಮೆ ಕುಸುಬಿ ಹೂವು.

ಗಾಜು ಇನ್ನಷ್ಟು ಕೆಳಗಿಳಿಸಿದೆ.
ಹಣೆಯಿಂದ ನೆತ್ತಿಗೆ ನಡೆದ ಬೈತಲಿ,
ಎರಿ ಹೊಲದಲ್ಲಿ ಹೊಡೆದ ಮೊದಲ ಸಾಲು.
ತುಸು ಹೆಚ್ಚೇ ನೇರ.
ಅದರ ಎಡಕ್ಕೆ, ಕೂದಲ ಕಪ್ಪಿನಲ್ಲಿ ಹುಗಿದು,
ಇನ್ನೊಂದು. ಮಸುಕು. ಓರೆ.

"ಅತ್ತಿ, ನಿನಗ ಎರಡು ಬೈತಲಿ ಅದಾವಲ್ಲ?"

ಎಂಬತ್ತೆರಡರ ಅತ್ತಿ ಅಡಕೊತ್ತು ಕೆಳಗಿಟ್ಟಳು.

ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಗೆ ಹೋದಾಗ
ರೈಲ್ವೆ ಕ್ವಾರ್ಟರ್ಸಿನ ಗಾರ್ಡ್ ಸಾಹೇಬರ ಮಗಳು ಡೋರತಿ
ನಳದ ಕಟ್ಟೆಯ ಮೇಲೆ ಕೂಡಿಸಿ ಕಲಿಸಿದ್ದಂತೆ:
ಬಾಚಣಿಕೆ ಎಡಹುಬ್ಬಿನ ನೇರಕ್ಕೆ ಇಡು,
ಹಿಂದಕ್ಕೆಳೆ, ಹೆದರಬೇಡ.
ಸ್ಟುಡಿಯೋದ ಕನ್ನಡಿಯ ಮುಂದೆ
ಹೆರಳು ಬಿಚ್ಚದೆ, ಮುಂದಲೆಯಷ್ಟನ್ನೇ,
ಹೊರಗೆ ಅಜ್ಜ ಟಾಂಗಾದವನ ಸಂಗಡ
ಒಂದಾಣೆಗೆ ಜಗಳಾಡುವಷ್ಟರಲ್ಲಿ
ತೆಗೆದದ್ದು.

ಅಜ್ಜನ ಕಣ್ಣಿಗೆ ಬಿದ್ದದ್ದು ಪ್ರಿಂಟು ಬಂದ ಮೇಲೆ.
ಫೋಟೋ ಲಕ್ಷ್ಮೇಶ್ವರಕ್ಕೆ, ವರನ ಕಡೆಗೆ ಹೋಗುವುದಿತ್ತು.
ಬೈತಲಿ ಸೊಟ್ಟಾದರೆ ಬಾಳುವೆ ಸೊಟ್ಟ, ಅಂದರಂತೆ.
ಮತ್ತೊಮ್ಮೆ ತೆಗೆಸಿದರೆ ದುಡ್ಡು ದಂಡ.
ಖಟವಟೆ ಮಾಸ್ತರ ನೆಗೆಟಿವ್ ದೀಪಕ್ಕೆ ಹಿಡಿದು
ಓರೆಯದನ್ನು ಚಾಕುವಿನ ಮೊನೆಯಿಂದ ಕೆರೆದರು,
ಜಾಲಿಮುಳ್ಳಿನಂಥ ಪೆನ್ಸಿಲ್ಲಿನಿಂದ
ನಟ್ಟನಡುವೆ ಹೊಸದು ಎಳೆದರು.
ಎಂಟಾಣೆ.
ಹುಡುಗಿಯ ತಲೆ ಮುಟ್ಟಲೇ ಇಲ್ಲ.

"ಲಕ್ಷ್ಮೇಶ್ವರದವರು ಒಪ್ಪಿದರೇನು?"

"ಫೋಟೋ ಒಪ್ಪಿದ್ರು.
ನೋಡಾಕ ಬಂದ ದಿನ ನಾ ಓರೆ ತಗದೇ ಕುಂತಿದ್ದೆ.
ನಿಮ್ಮ ಮಾವ ಚಾದ ಬಸಿ ಹಿಡಕೊಂಡು
ಮೊದಲ ನನ್ನ ತಲಿ ನೋಡಿದ,
ಆಮ್ಯಾಲೆ ಕಿಸೆದಾಗಿಂದ ಫೋಟೋ ತಗದು ನೋಡಿದ,
ಮತ್ತ ತಲಿ ನೋಡಿದ.
ಬಾಯಿ ಬಿಡಲಿಲ್ಲ. ಬಸಿ ಅಷ್ಟ ನಡಗತಿತ್ತು, ನಗು ತಡಕೊಂಡು.
ಅರ್ಧ ಚಾ ಜಮಖಾನದ ಮ್ಯಾಲೆ."

ತಾ ಇಲ್ಲಿ, ಎಂದು ಭೂತಗನ್ನಡಿ ಕಸಿದುಕೊಂಡಳು.
ತನ್ನ ಮುಖ ದಾಟಿ, ಹೆರಳು ದಾಟಿ,
ಗಾಜು ಸೀದಾ ಹೋಗಿ ನಿಂತದ್ದು
ದಾನಪ್ಪ ಕಾಕಾನ ಗುಬ್ಬಿಗೂಡಿನ ಮೇಲೆ.
ಬಹಳ ಹೊತ್ತು ನೋಡಿದಳು.

"ಇಷ್ಟು ಎಣ್ಣಿ ಮನ್ಯಾಗ ಎಲ್ಲಿತ್ತು ಆಗ?
ಹಬ್ಬದ ದಿನ ನನ್ನ ಬಾಟ್ಲಿ ಖಾಲಿ ಇತ್ತು ನೋಡು.
ಕೇಳಿದ್ರ, ಬೆಕ್ಕು ಕೆಡವಿತು ಅಂದಿದ್ದ, ಭಾಡ್ಯಾ."