ಶೇಕಡಾ ಹನ್ನೊಂದು

ಕಾಸ್ತ್ರೊ ಪಟ್ಟಣದ ಶಿಕ್ಷಣ ಕಚೇರಿ, ಎರಡನೆಯ ಮಹಡಿ.
ಸೌದೆ ಒಲೆ ಹೊಗೆಯಾಡುತ್ತದೆಂದು ಕಿಟಕಿ ತೆರೆದು
ಚಳಿಯೆಂದು ಮತ್ತೆ ಮುಚ್ಚಿ
ಆರು ಜನ ಕೂತು ಬರೆದೆವು ನಾಲ್ಕು ವರ್ಷದ ಯೋಜನೆ.
ಅಂಗೈ ಹುಣ್ಣಿಗೆ ಕನ್ನಡಿ ಕೊಳ್ಳಲು
ಮೊದಲ ಅಧ್ಯಾಯದಲ್ಲೇ ಹಣ ತೆಗೆದಿಟ್ಟೆವು.
ಸಮೀಕ್ಷೆ ಅಂತ ಅದಕ್ಕೆ ಹೆಸರು.

"ಗುರಿ ಅಂದರೆ ಅಳತೆಗೆ ಸಿಗಬೇಕು"
ಎಂದರು ನಿರ್ದೇಶಕಿ ದೊನ್ಯಾ ಮಿರೆಯಾ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.
ಬರೆದುಕೊಂಡೆ: ಓದಿನ ಮಟ್ಟ ಮುಟ್ಟಿದವರು
ಈಗ ನೂರಕ್ಕೆ ಐವತ್ತೈದು, ಆಗಬೇಕಾದ್ದು ಎಪ್ಪತ್ತು.
ಪರದೆಯ ಮೇಲೆ ಹಸಿರು ಬಾಣ ಮೆಟ್ಟಿಲು ಹತ್ತಿತು.
ಅದಕ್ಕೆ ಏದುಸಿರಿಲ್ಲ.

ಜೂನ್ ತಿಂಗಳ ಚಳಿಯಲ್ಲಿ ನನ್ನನ್ನು ಲಿಂಕುಯಿ ದ್ವೀಪಕ್ಕೆ ಕಳಿಸಿದರು.
ಇಡೀ ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಒಂಬತ್ತು ಮಕ್ಕಳು.
ಓದುವವರು ಐದು. ಅಲ್ಲೂ ಐವತ್ತೈದೇ!
ನಮ್ಮ ಲೆಕ್ಕ ಎಷ್ಟು ಸರಿ ಎಂದು ಒಂದು ಗಳಿಗೆ ಹೆಮ್ಮೆಪಟ್ಟೆ.
ಆಮೇಲೆ ಭಾಗಿಸಿ ನೋಡಿದೆ.
ಇಲ್ಲಿ ಶೇಕಡಾ ಹನ್ನೊಂದಕ್ಕೆ
ಎರಡು ಜಡೆ, ಒಂದು ಹರಿದ ರಬ್ಬರ್ ಬೂಟು,
ಒರಿಯೆತಾ ಚಿಗ್ವಾಯ್ ಎಂಬ ಹೆಸರು.

ಪ್ರಶ್ನೆಪತ್ರಿಕೆಯಲ್ಲಿ ನರಿಯ ಕತೆ ಇತ್ತು.
"ಲೇಖಕರ ಆಶಯವೇನು?"
ಅವಳು ಖಾಲಿ ಬಿಟ್ಟಿದ್ದಳು.
ಗೋಡೆಗೆ ಮೊಳೆ ಹೊಡೆದಿದ್ದ ಉಬ್ಬರವಿಳಿತದ ಪಟ್ಟಿಯನ್ನು
ಬೆರಳಿಟ್ಟು ಓದಿದಳು ನನಗೆ, ತಡವರಿಸದೆ:
"ನಾಲ್ಕೂ ಹತ್ತಕ್ಕೆ ನೀರು ಇಳಿಯುತ್ತದೆ.
ನೀವು ಮೂರೂವರೆಗೇ ಹೊರಡಿ,
ಇಲ್ಲದಿದ್ದರೆ ದೋಣಿ ಕೆಸರಲ್ಲಿ ಕೂರುತ್ತದೆ."
ಮೌಲ್ಯಮಾಪನದ ಹಾಳೆಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಮೇಷ್ಟ್ರು ನೊಲ್ಬೆರ್ತೊ ದನಿ ತಗ್ಗಿಸಿದರು:
"ಎದುರು ದಡದ ಹುಡುಗಿ. ಚಿಪ್ಪಿನ ಕೆಲಸದವರ ದೋಣಿಯೊಂದೇ ಗತಿ,
ಬೆಳಗಿನ ಆರಕ್ಕೆ. ಇಲ್ಲಿಗೆ ಬರುವಷ್ಟರಲ್ಲಿ ಕೈ ಮರಗಟ್ಟಿರುತ್ತದೆ.
ಮೊದಲ ಪಿರಿಯಡ್ಡು ಒಲೆಯ ಹಿಂದೆ ಕುರಿಚರ್ಮ ಹಾಸಿ ಮಲಗಿಸುತ್ತೇನೆ.
ಹಾಜರಿ ಹಾಕುತ್ತೇನೆ.
ಬೇಕಾದರೆ ಬರೆದುಕೊಳ್ಳಿ."

ಬರೆದುಕೊಂಡೆ.
ನಲವತ್ತು ಕ್ರಮಗಳಲ್ಲಿ ದೋಣಿ ಎಂಬ ಶಬ್ದ ಹುಡುಕಿದೆ, ಸಿಗಲಿಲ್ಲ.
ಕ್ರಮ ಹದಿನೇಳರ ಎದುರು,
"ಕಲಿಕೆಗೆ ಪೂರಕ ವಾತಾವರಣ" ಎಂದಿತ್ತಲ್ಲ, ಅಲ್ಲಿ,
ಕುರಿಚರ್ಮ ಒಂದು ಎಂದು ಸೇರಿಸಿದೆ.
ಬೇರೆ ದೋಣಿ ಬೇಕೆಂಬ ಸಾಲನ್ನು ದೊನ್ಯಾ ಮಿರೆಯಾ ಕಾಟು ಹಾಕಲಿಲ್ಲ,
ಅವರು ಕೆಟ್ಟವರಲ್ಲ.
ಅನುಬಂಧಕ್ಕೆ ಸರಿಸಿದರು: ಮೂರನೆಯ ವರ್ಷ, ಅನುದಾನ ಲಭ್ಯವಾದಲ್ಲಿ.

ಮರುವರ್ಷ ಲಿಂಕುಯಿ ಅರವತ್ತೆರಡಕ್ಕೆ ಏರಿತು.
ಕಚೇರಿಯಲ್ಲಿ ಸೇಬಿನ ಕೇಕು ಕತ್ತರಿಸಿದರು.
ಏರಿದ್ದು ಹೇಗೆಂದು ನನಗೆ ಗೊತ್ತಿತ್ತು.
ಮೀನಿನ ಕಾರ್ಖಾನೆ ಮುಚ್ಚಿ, ಎಲಾದಿಯೊನ ಅಪ್ಪ
ಹಾಸಿಗೆ, ನಾಯಿ, ಮಗ ಎಲ್ಲವನ್ನೂ ಕಟ್ಟಿಕೊಂಡು
ಪೋರ್ತೊ ಮೊಂತ್ ಸೇರಿದ್ದ.
ಓದು ಬಾರದ ಹುಡುಗ ಅವನು. ಒಂಬತ್ತು ಎಂಟಾಯಿತು,
ಐದು ಐದೇ ಉಳಿಯಿತು.
ಕೈ ಎತ್ತಿ ಹೇಳಬೇಕೆಂದುಕೊಂಡೆ.
ಬಾಯಲ್ಲಿ ಕೇಕು ಇತ್ತು.

ಈಗ ಎಲಾದಿಯೊ ಯಾವ ಶಾಲೆಯ ಕೊನೆಯ ಬೆಂಚಿನಲ್ಲಿದ್ದಾನೋ,
ಯಾರ ಹಸಿರು ಬಾಣದ ಕಾಲು ಹಿಡಿದು ಜಗ್ಗುತ್ತಿದ್ದಾನೋ.
ಒರಿಯೆತಾ ಇನ್ನೂ ಆರಕ್ಕೇ ದೋಣಿ ಹತ್ತುತ್ತಾಳೆ.

ಬಂದರಿನ ಅಂಗಡಿಯಲ್ಲಿ ನಾನೂ ಒಂದು
ಉಬ್ಬರವಿಳಿತದ ಪಟ್ಟಿ ಕೊಂಡುತಂದೆ.
ಯೋಜನೆಯ ಕಡತದಡಿ, ಡ್ರಾಯರಿನಲ್ಲಿದೆ.
ಊಟದ ಬಿಡುವಿನಲ್ಲಿ ತೆಗೆದು ಬೆರಳಿಡುತ್ತೇನೆ.
ಯಾವ ಸಾಲು ಇಂದಿನದು, ಯಾವ ಅಂಕಿ ನೀರಿನದು,
ಸರಿಯಾಗಿ ಇನ್ನೂ ಓದಲು ಬಂದಿಲ್ಲ.